ಹಂದಿಯನ್ನು ಯಾರೂ ಕೇಳುವುದಿಲ್ಲ

ರಾತ್ರಿ ಹತ್ತೂವರೆಗೆ ಸರಿಯಾಗಿ ಇಂಜೆಕ್ಷನ್ ಕೊಡಬೇಕು ಅಂತ ನರ್ಸ್ ಮೂರು ಸಲ ಹೇಳಿ ಕಳಿಸಿದ್ದರು. ಹತ್ತು ನಿಮಿಷ ಆಚೀಚೆ ಆದರೂ ಫೋನ್ ಮಾಡಿ ತಿಳಿಸಿ ಅಂದಿದ್ದರು. ನನ್ನ ಮೊಬೈಲಿನಲ್ಲಿ ಎರಡು, ಹೆಂಡತಿಯ ಮೊಬೈಲಿನಲ್ಲಿ ಒಂದು ಅಲಾರಂ ಇಟ್ಟೆ. ಹದಿನಾಲ್ಕು ವರ್ಷದ ಸಾಫ್ಟ್‌ವೇರ್ ಕೆಲಸದಲ್ಲಿ ಯಾವ ರಿಲೀಸಿಗೂ ನಾನು ಇಷ್ಟು ಹೆದರಿರಲಿಲ್ಲ. ಕೋಥರೂಡದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ಫ್ರಿಜ್ಜಿನ ಬಾಗಿಲಲ್ಲಿ ಮೊಸರಿನ ಡಬ್ಬಿಯ ಪಕ್ಕ ಆ ಸಿರಿಂಜು ಕೂತಿತ್ತು. ಅದಾಗಿ 36 ಗಂಟೆಗೆ, ಅಂದರೆ ಮರುದಿನ ಬಿಟ್ಟು ಅದರ ಮರುದಿನ ಬೆಳಿಗ್ಗೆ ಹತ್ತೂವರೆಗೆ, ಅಂಡಾಣುಗಳನ್ನು ಹೊರತೆಗೆಯುವ ಪ್ರಕ್ರಿಯೆ.

ಯಾಕೆ ಸರಿಯಾಗಿ 36 ಗಂಟೆ? ಯಾವುದಾದರೂ ಸಂಖ್ಯೆ ಕೋಡಿನಲ್ಲಿ ಸುಮ್ಮನೆ ಕೂತಿದ್ದರೆ ಅದು ಎಲ್ಲಿಂದ ಬಂತು ಅಂತ ಹುಡುಕುವುದು ನಮ್ಮ ವೃತ್ತಿಯ ಚಟ. ಹುಡುಕುತ್ತಾ ಹೋದೆ. ಹೋಗಿ ಮುಟ್ಟಿದ್ದು ಹಂದಿಯ ಹತ್ತಿರ. ಈ ತಿಂಗಳ ಅಂಕಣ ಅದರ ಬಗ್ಗೆ. ಬರೆಯಲಾ ಅಂತ ಹೆಂಡತಿಯನ್ನು ಮೊದಲೇ ಕೇಳಿದೆ. "ಬರಿ, ಆದ್ರ ನನ್ನನ್ನ ಪಾಪದಾಕಿ ಮಾಡಬ್ಯಾಡ" ಅಂದಳು. ಪ್ರಯತ್ನ ಮಾಡುತ್ತೇನೆ.

ಪ್ರನಾಳ ಶಿಶು ಅಂದ ಕೂಡಲೇ ನಮಗೆ ನೆನಪಾಗುವುದು ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಹುಟ್ಟಿದ ಲೂಯಿಸ್ ಬ್ರೌನ್. ಅದೇ ವರ್ಷ ಅಕ್ಟೋಬರ್ 3ರಂದು ಕೊಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಕೈಯಲ್ಲಿ 'ದುರ್ಗಾ' ಹುಟ್ಟಿದಳು. ಅವರನ್ನು ಆಗ ಯಾರೂ ನಂಬಲಿಲ್ಲ. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ 1986ರಲ್ಲಿ ಹುಟ್ಟಿದ ಮಗುವೇ ದೇಶದ ಮೊದಲನೆಯದು ಎಂಬ ದಾಖಲೆ ಇತ್ತು. ಆ ಮಗುವಿನ ಹಿಂದಿದ್ದ ವಿಜ್ಞಾನಿ ಡಾ. ಟಿ.ಸಿ. ಆನಂದ ಕುಮಾರ್ ಮುಂದೆ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ, 'ಮೊದಲಿಗರು ಅವರು, ನಾವಲ್ಲ' ಎಂದು 1997ರಲ್ಲಿ ತಾವೇ ಒಪ್ಪಿಕೊಂಡರು. ನಂತರದ ವರ್ಷಗಳನ್ನು ಅವರು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ತನ್ನ ಹೆಸರಿನ ಮುಂದಿನ 'ಪ್ರಥಮ' ಎಂಬ ಪದವನ್ನು ತಾನೇ ಅಳಿಸಿಕೊಂಡ ಮನುಷ್ಯ.

ಆದರೆ ಈ ಕಥೆಗಳೆಲ್ಲ ಮಗು ಹುಟ್ಟಿದ ದಿನದಿಂದ ಶುರುವಾಗುತ್ತವೆ. ಅದಕ್ಕೂ ಹಿಂದೆ ದನ, ಕುರಿ, ಮೊಲ, ಹಂದಿಗಳ ದೊಡ್ಡ ಸಾಲೇ ಇದೆ. ಲೂಯಿಸ್ ಬ್ರೌನ್ ಹುಟ್ಟಿಗೆ ಕಾರಣರಾಗಿ 2010ರಲ್ಲಿ ನೊಬೆಲ್ ಪಡೆದ ರಾಬರ್ಟ್ ಎಡ್ವರ್ಡ್ಸ್ ವೈದ್ಯರಾಗಿರಲಿಲ್ಲ. ಕಾಲೇಜಿನಲ್ಲಿ ಓದಲು ಹೋಗಿದ್ದು ಕೃಷಿ, ಆಮೇಲೆ ಪ್ರಾಣಿಶಾಸ್ತ್ರ. ದೇಹದ ಹೊರಗೆ ಅಂಡವನ್ನು ಪಕ್ವ ಮಾಡಲು ಅವರು ವರ್ಷಗಟ್ಟಲೆ ಒದ್ದಾಡಿದರು. ಇಲಿಯ ಅಂಡ ಸುಮಾರು 12 ಗಂಟೆಯಲ್ಲಿ ಸಿದ್ಧವಾಗುತ್ತದೆ. ಮನುಷ್ಯರದ್ದೂ ಅಷ್ಟೇ ಎಂದು ಹಿಂದಿನವರು ಬರೆದಿಟ್ಟಿದ್ದರು. ಎಡ್ವರ್ಡ್ಸ್ 12 ಗಂಟೆ ಕಾದರೂ ಏನೂ ಆಗಲಿಲ್ಲ. ಅವರು ಇನ್ನೂ ಕಾಯುತ್ತಾ ಹೋದರು. 1965ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅವರ ಲೇಖನದ ಶೀರ್ಷಿಕೆಯಲ್ಲೇ ಪ್ರಾಣಿಗಳ ಪಟ್ಟಿ ಇದೆ: ಇಲಿ, ಕುರಿ, ಹಸು, ಹಂದಿ, ರೀಸಸ್ ಕೋತಿ, ಮನುಷ್ಯ. ನಮ್ಮ ಅಂಡಕ್ಕೆ ಬೇಕಾಗಿದ್ದು ಇಲಿಯ ಗಡಿಯಾರವಲ್ಲ. ಅದು 36 ಗಂಟೆಯ ಆಸುಪಾಸಿನ, ಹಂದಿಯ ಹತ್ತಿರ ಹತ್ತಿರದ ನಿಧಾನ ಗಡಿಯಾರ. ನಮ್ಮ ಫ್ರಿಜ್ಜಿನ ಬಾಗಿಲಿನ ಅಲಾರಂ ಅಲ್ಲಿಂದ ಬಂದದ್ದು.

ಹಂದಿಯ ಅಂಡದ ಪ್ರಯೋಗ ಶುರುವಾಗುವುದು ಕಸಾಯಿಖಾನೆಯಲ್ಲಿ. ಕೊಯ್ದ ಹೆಣ್ಣು ಹಂದಿಯ ಅಂಡಾಶಯಗಳನ್ನು ಬೆಚ್ಚಗಿನ ಉಪ್ಪುನೀರು ತುಂಬಿದ ಥರ್ಮಾಸಿನಲ್ಲಿ ಲ್ಯಾಬಿಗೆ ತರುತ್ತಾರೆ. ಅವುಗಳ ಮೇಲೆ ಸಾಬುದಾಣಿ ಕಾಳಿನಷ್ಟು ಚಿಕ್ಕ ಗುಳ್ಳೆಗಳಿರುತ್ತವೆ. 3ರಿಂದ 6 ಮಿಲಿಮೀಟರ್ ಗಾತ್ರದ ಗುಳ್ಳೆಗಳಿಂದ ಸೂಜಿಯಲ್ಲಿ ದ್ರವ ಎಳೆದರೆ ಅದರಲ್ಲಿ ಅಂಡಗಳು ಸಿಗುತ್ತವೆ, ಸುತ್ತಲೂ ಪೋಷಕ ಜೀವಕೋಶಗಳ ಮೋಡ ಕವಿದುಕೊಂಡು. ಆ ಮೋಡ ಚೆನ್ನಾಗಿದ್ದರೆ ಮಾತ್ರ ಅಂಡವನ್ನು ಆರಿಸಿಕೊಳ್ಳುತ್ತಾರೆ. ಹಂದಿಯ ಮೈಯ ಬಿಸಿ 39 ಡಿಗ್ರಿ ಸೆಲ್ಸಿಯಸ್ ಸಮೀಪ. ಅದೇ ಬಿಸಿಯಲ್ಲಿ, 5 ಪ್ರತಿಶತ ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ 42ರಿಂದ 44 ಗಂಟೆ ಇಟ್ಟರೆ ಅಂಡ ಪಕ್ವವಾಗುತ್ತದೆ. ಆಮೇಲೆ ಕೆಲವು ಗಂಟೆ ವೀರ್ಯಾಣುಗಳ ಜೊತೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1980ರ ದಶಕದ ನಡುವಿನಲ್ಲಿ ಹೀಗೆ ಗಾಜಿನ ತಟ್ಟೆಯಲ್ಲಿ ಫಲಿತವಾದ ಅಂಡಗಳಿಂದ ಮೊದಲ ಹಂದಿಮರಿಗಳು ಹುಟ್ಟಿದವು. ಆ ಅಂಡಗಳು ಹಂದಿಯ ಮೈಯೊಳಗೇ ಪಕ್ವವಾದವು. ಪಕ್ವವಾಗುವುದನ್ನೂ ತಟ್ಟೆಯಲ್ಲೇ ಮಾಡಿ ಮರಿ ಪಡೆದದ್ದು 1989ರಲ್ಲಿ, ಇಟಲಿಯಲ್ಲಿ. ಅಂದರೆ ಮನುಷ್ಯನ ಮಗುವಿಗಿಂತ ಹಂದಿಮರಿ ತಡವಾಗಿ ಬಂತು. ಹಂದಿ ಅಷ್ಟು ಕಷ್ಟ.

ಕಷ್ಟ ಯಾಕೆಂದರೆ, ಹಂದಿಯ ಅಂಡದೊಳಕ್ಕೆ ಒಂದಲ್ಲ, ಎರಡು ಮೂರು ವೀರ್ಯಾಣುಗಳು ಒಟ್ಟಿಗೆ ನುಗ್ಗಿಬಿಡುತ್ತವೆ. ಸಾಫ್ಟ್‌ವೇರಿನವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಒಂದೇ ಸೀಟಿಗೆ ಇಬ್ಬರು ಒಂದೇ ಕ್ಷಣದಲ್ಲಿ ಬುಕಿಂಗ್ ಒತ್ತಿದಾಗ, ಲಾಕ್ ಬೀಳುವ ಮೊದಲೇ ಇಬ್ಬರಿಗೂ ಟಿಕೆಟ್ ಸಿಕ್ಕಿಬಿಡುವ ಹಾಗೆ. ಅಂಡಕ್ಕೂ ಲಾಕ್ ಇದೆ. ಮೊದಲ ವೀರ್ಯಾಣು ಒಳಗೆ ಬಂದ ಕೂಡಲೇ ಅಂಡದ ಅಂಚಿನಲ್ಲಿರುವ ಸಣ್ಣ ಸಣ್ಣ ಚೀಲಗಳು ಒಡೆದು, ಹೊರಗಿನ ಪದರವನ್ನು ಉಳಿದವು ದಾಟದ ಹಾಗೆ ಬದಲಿಸುತ್ತವೆ. ಇದಕ್ಕೆ ಸ್ವಲ್ಪ ಹೊತ್ತು ಬೇಕು. ಹಂದಿಯ ದೇಹದೊಳಗೆ ಆ ಹೊತ್ತು ಸಿಗುತ್ತದೆ. ಕೋಟಿಗಟ್ಟಲೆ ವೀರ್ಯಾಣುಗಳಲ್ಲಿ ಅಂಡದ ತನಕ ಮುಟ್ಟುವುದು ಕೆಲವೇ ಕೆಲವು, ಅವೂ ಒಂದೊಂದಾಗಿ. ಅಂಡನಾಳದ ದ್ರವವೂ ಅಂಡದ ಹೊರಪದರವನ್ನು ಮೊದಲೇ ಗಟ್ಟಿ ಮಾಡಿಟ್ಟಿರುತ್ತದೆ. ಗಾಜಿನ ತಟ್ಟೆಯಲ್ಲಿ ಆ ಸರತಿ ಸಾಲೇ ಇಲ್ಲ, ಎಲ್ಲವೂ ಒಮ್ಮೆಲೇ ಬಾಗಿಲಿಗೆ ಬರುತ್ತವೆ. ಎಷ್ಟೋ ಪ್ರಯೋಗಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಂಡಗಳು ಹೀಗೇ ಕೆಡುತ್ತವೆ.

ಇದರಲ್ಲಿ ಇನ್ನೊಂದು ತೊಡಕಿದೆ. ಹಂದಿಯ ಅಂಡದ ತುಂಬ ಕೊಬ್ಬಿನ ಹನಿಗಳು, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅದು ಕಪ್ಪಾಗಿ ಕಾಣುತ್ತದೆ. ಒಳಗೆ ಎಷ್ಟು ವೀರ್ಯಾಣು ಹೋಗಿವೆ ಅಂತ ಸುಲಭಕ್ಕೆ ಗೊತ್ತಾಗುವುದಿಲ್ಲ. ಎರಡು ವೀರ್ಯಾಣು ಹೊಕ್ಕ ಭ್ರೂಣವೂ ನೋಡಲಿಕ್ಕೆ ನೆಟ್ಟಗೇ ಇರುತ್ತದೆ, ಎಷ್ಟೋ ಸಲ ಐದಾರು ದಿನ ಬೆಳೆಯುತ್ತದೆ ಕೂಡ. ಲೆಕ್ಕ ತಪ್ಪಿದ ಕ್ರೋಮೋಸೋಮು ಹೊತ್ತುಕೊಂಡು ಆಮೇಲೆ ನಿಲ್ಲುತ್ತದೆ.

ನಮಗೆ ಸಿಕ್ಕಿದ್ದು ಒಂಬತ್ತು ಅಂಡ. ಮರುದಿನ ಎಂಬ್ರಿಯಾಲಜಿಸ್ಟ್ ಫೋನ್ ಮಾಡಿದರು, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಣ್ಣುಮಗಳು. "ಏಳು ಫಲಿತವಾಗಿವೆ. ಆದರೆ ಒಂದರೊಳಗೆ ಎರಡು ವೀರ್ಯಾಣು ಹೋಗಿವೆ, ಅದನ್ನು ಬಿಟ್ಟುಬಿಡ್ತೀವಿ. ಆರು ಲೆಕ್ಕಕ್ಕೆ ಹಿಡಿಯಿರಿ" ಅಂದರು. ಮನುಷ್ಯನ ಅಂಡ ತಿಳಿಯಾಗಿರುವುದರಿಂದ ಎಣಿಸಲು ಆಗುತ್ತದೆ. ಆಗ ನನಗೆ ಹಂದಿಯ ವಿಷಯ ಗೊತ್ತಿರಲಿಲ್ಲ. ಆ ಒಂದು ಯಾಕೆ ಕೆಟ್ಟಿತು, ನಾವೇನು ತಪ್ಪು ಮಾಡಿದೆವು ಎಂದು ರಾತ್ರಿಯಿಡೀ ತಲೆ ಕೆಡಿಸಿಕೊಂಡೆ.

ಮೂರನೇ ದಿನ ಮತ್ತೆ ಫೋನ್. ಆರರಲ್ಲಿ ಎರಡು ನಾಲ್ಕು ಜೀವಕೋಶಕ್ಕೆ ನಿಂತುಬಿಟ್ಟಿದ್ದವು.

ಹಂದಿಯ ಭ್ರೂಣಶಾಸ್ತ್ರದಲ್ಲಿ ಇದು ಹಳೆಯ, ಹೆಸರುವಾಸಿ ಸಮಸ್ಯೆ. ತಟ್ಟೆಯಲ್ಲಿ ಬೆಳೆಸಿದ ಹಂದಿಯ ಭ್ರೂಣ ಒಂದು ಎರಡಾಗಿ, ಎರಡು ನಾಲ್ಕಾಗಿ, ಅಲ್ಲಿಗೆ ನಿಲ್ಲುತ್ತಿತ್ತು. ವಿಜ್ಞಾನಿಗಳು ಇದನ್ನು 'ನಾಲ್ಕು ಕೋಶದ ತಡೆ' ಎಂದೇ ಕರೆದರು. ಮೊದಲ ಕೆಲವು ವಿಭಜನೆಗಳನ್ನು ಭ್ರೂಣ ತನ್ನ ಸ್ವಂತ ವಂಶವಾಹಿಗಳಿಂದ ನಡೆಸುವುದಿಲ್ಲ. ಅಂಡ ಪಕ್ವವಾಗುವಾಗ ತಾಯಿ ಒಳಗೆ ತುಂಬಿಟ್ಟ ಪ್ರೊಟೀನು, ಆರ್‌ಎನ್‌ಎಗಳ ಬುತ್ತಿಯಿಂದ ನಡೆಸುತ್ತದೆ. ಬುತ್ತಿ ಮುಗಿಯುವ ಹೊತ್ತಿಗೆ ಭ್ರೂಣದ ಸ್ವಂತ ವಂಶವಾಹಿಗಳು ಕೆಲಸ ಶುರು ಮಾಡಬೇಕು. ಇಲಿಯಲ್ಲಿ ಇದು ಎರಡು ಕೋಶದ ಹಂತದಲ್ಲೇ ಆಗುತ್ತದೆ, ಹಂದಿಯಲ್ಲಿ ನಾಲ್ಕು, ಮನುಷ್ಯರಲ್ಲಿ ನಾಲ್ಕರಿಂದ ಎಂಟು, ಹಸುವಿನಲ್ಲಿ ಎಂಟರಿಂದ ಹದಿನಾರು. ಊರು ಬಿಟ್ಟು ಪುಣೆಗೆ ಬಂದ ಮೊದಲ ತಿಂಗಳು ನಾವೆಲ್ಲ ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ದಿನ ತಳ್ಳಿದ ಹಾಗೆ. ಡಬ್ಬಿ ಖಾಲಿಯಾದ ದಿನ ಅನ್ನ ಮಾಡಲು ಬರಬೇಕು. ಆ ದಾಟುವ ಹೊತ್ತಿನಲ್ಲಿ ತಟ್ಟೆಯ ದ್ರವ ಸ್ವಲ್ಪ ಹೊಂದದಿದ್ದರೂ ಭ್ರೂಣ ನಿಂತುಬಿಡುತ್ತದೆ.

ತಡೆಯನ್ನು ದಾಟಿಸಿದ್ದು ಆ ದ್ರವವನ್ನೇ ತಿದ್ದಿ ತಿದ್ದಿ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಹೆಸರಿನ ದ್ರವವೊಂದು 1990ರ ದಶಕದಲ್ಲಿ ಬಂತು. 2002ರಲ್ಲಿ ಜಪಾನಿನವರು ಹಂದಿಯ ಅಂಡನಾಳದ ದ್ರವದಲ್ಲಿ ಏನೇನು ಎಷ್ಟೆಷ್ಟಿದೆ ಎಂದು ನೋಡಿ, ಅದನ್ನು ಹೋಲುವ ಇನ್ನೊಂದನ್ನು ಮಾಡಿದರು. ಗಾಳಿಯಲ್ಲಿರುವ 20 ಪ್ರತಿಶತ ಆಮ್ಲಜನಕ ಭ್ರೂಣಕ್ಕೆ ಹೆಚ್ಚು, 5 ಪ್ರತಿಶತ ಸಾಕು ಎಂಬುದೂ ಇಂಥ ಪ್ರಯೋಗಗಳಿಂದ ಗಟ್ಟಿಯಾಯಿತು. ಈಗ ಮನುಷ್ಯರ ಭ್ರೂಣದ ಪೆಟ್ಟಿಗೆಗಳಲ್ಲೂ ಬಹಳ ಕಡೆ ಅಷ್ಟೇ ಇಡುತ್ತಾರೆ.

ಇಷ್ಟೆಲ್ಲ ಹಂದಿಗೆ ಯಾಕೆ? ಮರಿ ಬೇಕೆಂದಲ್ಲ. ಹಸು ವರ್ಷಕ್ಕೆ ಒಂದು ಕರು ಹಾಕುತ್ತದೆ, ಒಳ್ಳೆಯ ತಳಿಯ ಹಸುವಿನಿಂದ ಹತ್ತು ಕರು ಬೇಕಾದರೆ ಐವಿಎಫ್ ಲಾಭ. ಅದಕ್ಕೇ ಕರ್ನಾಲದಲ್ಲಿ 1990ರಲ್ಲೇ 'ಪ್ರಥಮ್' ಎಂಬ ಐವಿಎಫ್ ಎಮ್ಮೆಕರು ಹುಟ್ಟಿತು. ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷದ ವಾರಜೆಯಲ್ಲಿ ಕಚೇರಿ ಇರುವ ಬಾಯಫ್, 1967ರಲ್ಲಿ ಮಣಿಭಾಯಿ ದೇಸಾಯಿ ಉರುಳಿಕಾಂಚನದಲ್ಲಿ ಕಟ್ಟಿದ ಸಂಸ್ಥೆ, ದೇಶದ ಹಳ್ಳಿಹಳ್ಳಿಗೆ ಹೆಪ್ಪುಗಟ್ಟಿಸಿದ ವೀರ್ಯದ ಕಡ್ಡಿಗಳನ್ನು ಮುಟ್ಟಿಸಿತು. ಹಂದಿಗೆ ಅದರ ಅಗತ್ಯ ಕಡಿಮೆ, ಅದು ತಾನಾಗಿಯೇ ಒಂದು ಸೂಲಿಗೆ ಎಂಟು ಹತ್ತು ಮರಿ ಹಾಕುತ್ತದೆ. ಹಂದಿಯ ಭ್ರೂಣದ ಹಿಂದೆ ವಿಜ್ಞಾನಿಗಳು ಬಿದ್ದಿದ್ದು ಅದರ ಅಂಗಾಂಗಗಳಿಗಾಗಿ. ಹಂದಿಯ ಹೃದಯ, ಮೂತ್ರಪಿಂಡಗಳ ಗಾತ್ರ ನಮ್ಮದಕ್ಕೆ ಹತ್ತಿರ. 2000ದ ಮಾರ್ಚ್ 5ರಂದು ಹುಟ್ಟಿದ ಮೊದಲ ಐದು ತದ್ರೂಪಿ ಹಂದಿಮರಿಗಳಲ್ಲಿ ಒಂದರ ಹೆಸರು 'ಡಾಟ್‌ಕಾಮ್'. ಆ ವರ್ಷದ ಶೇರು ಮಾರುಕಟ್ಟೆ ನೆನಪಿರುವವರು ನಗಬಹುದು. 2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ, ವಂಶವಾಹಿ ತಿದ್ದಿದ ಹಂದಿಯ ಹೃದಯ ಪಡೆದ ಮನುಷ್ಯ ಎರಡು ತಿಂಗಳು ಬದುಕಿದ. ಅದಕ್ಕೂ 25 ವರ್ಷ ಹಿಂದೆ, 1997ರಲ್ಲಿ, ಗುವಾಹಟಿ ಬಳಿಯ ಸೋನಾಪುರದಲ್ಲಿ ಡಾ. ಧನಿರಾಮ್ ಬರುವಾ ಹಂದಿಯ ಹೃದಯ ಕೂರಿಸಿದ್ದರು. ರೋಗಿ ಒಂದು ವಾರ ಉಳಿದ, ವೈದ್ಯರು ಜೈಲಿಗೆ ಹೋದರು. ಆ ಹಂದಿಯ ವಂಶವಾಹಿಗಳನ್ನು ಯಾರೂ ತಿದ್ದಿರಲಿಲ್ಲ. ತಿದ್ದುವ ವಿದ್ಯೆ ಆಗಿನ್ನೂ ಅಂಬೆಗಾಲಿಡುತ್ತಿತ್ತು.

ಐದನೇ ದಿನ ನಮ್ಮ ಭ್ರೂಣಗಳಲ್ಲಿ ಮೂರು ಬ್ಲಾಸ್ಟೊಸಿಸ್ಟ್ ಹಂತ ಮುಟ್ಟಿದವು. ಬ್ಲಾಸ್ಟೊಸಿಸ್ಟ್ ಎಂದರೆ ನೂರರ ಆಸುಪಾಸು ಜೀವಕೋಶಗಳ, ನಡುವೆ ನೀರು ತುಂಬಿದ ಪುಟ್ಟ ಚೆಂಡು. ಒಂದನ್ನು ಗರ್ಭಕ್ಕೆ ಸೇರಿಸಿದರು, ಎರಡನ್ನು ದ್ರವ ಸಾರಜನಕದಲ್ಲಿ ಇಟ್ಟರು, ಮೈನಸ್ 196 ಡಿಗ್ರಿಯಲ್ಲಿ. ಹದಿನಾಲ್ಕು ದಿನ ಕಾದೆವು. ರಕ್ತಪರೀಕ್ಷೆಯ ವರದಿ ಆಫೀಸಿನ ಮೀಟಿಂಗಿನ ನಡುವೆ ಮೊಬೈಲಿಗೆ ಬಂತು. ಆಗಿರಲಿಲ್ಲ.

ಅಮ್ಮನಿಗೆ ಹಾವೇರಿಗೆ ಫೋನ್ ಮಾಡಿದೆ. ಅಮ್ಮ ಮೊದಲು ಅತ್ತಳು. ಆಮೇಲೆ ಕೇಳಿದಳು: "ಆಕಿ ಸ್ಕೂಟರ್ ಮ್ಯಾಲೆ ಹೋಗಿದ್ಲೇನು? ತೊಡಿ ಮ್ಯಾಲೆ ಆ ಲ್ಯಾಪ್‌ಟಾಪ್ ಇಟ್ಕೊಂಡು ಕುಂಡ್ರತಾಳಲ್ಲ, ಬ್ಯಾಡಂದಿದ್ದೆ. ಪಪ್ಪಾಯಿ ತಿಂದ್ಲೇನು?" ಹೆಂಡತಿ ಪಕ್ಕದಲ್ಲೇ ಇದ್ದಳು, ಸ್ಪೀಕರ್ ಆನ್ ಇತ್ತು. ಅವಳು ಎದ್ದು ಬಾಲ್ಕನಿಗೆ ಹೋದಳು. ಎರಡು ದಿನದ ನಂತರ ಅವಳೇ ನನ್ನನ್ನು ಕೇಳಿದಳು, "ಕರ್ವೆ ಪುತಳಾದ ಹತ್ರ ರಿಕ್ಷಾ ಗುಂಡಿಗೆ ಬಿದ್ದಿತ್ತಲ್ಲ, ಅದಕ್ಕೇನಾದ್ರೂ ಆತೇನು?" ಎಂಜಿನಿಯರಿಂಗ್ ಓದಿದವಳು, ಹತ್ತು ಜನರ ಟೀಮು ನಡೆಸುವವಳು. ಆ ಪ್ರಶ್ನೆ ಕೇಳಿದ ಮೇಲೆ ನಾನು ಓದಲು ಶುರು ಮಾಡಿದ್ದು.

ಹಂದಿಯ ಲೆಕ್ಕ ಹೀಗಿದೆ. ಆರೋಗ್ಯವಂತ ತಾಯಿ ಹಂದಿ ಒಂದು ಸಲಕ್ಕೆ 15ರಿಂದ 20 ಅಂಡ ಬಿಡುತ್ತದೆ. ಹೆಚ್ಚಿನವು ಫಲಿತವಾಗುತ್ತವೆ. ಐದಾರು ದಿನಕ್ಕೆ ಬ್ಲಾಸ್ಟೊಸಿಸ್ಟ್. ಆಮೇಲೆ ಅವು ಗರ್ಭಕೋಶದ ಎರಡು ಕೊಂಬುಗಳುದ್ದಕ್ಕೂ ಹರಡಿ ತಮ್ಮ ತಮ್ಮ ಜಾಗ ಹಿಡಿಯುತ್ತವೆ. ಹತ್ತನೇ ದಿನದ ನಂತರ ಪ್ರತಿಯೊಂದು ಭ್ರೂಣವೂ ಚೆಂಡಿನಿಂದ ದಾರವಾಗಿ ಎಳೆದುಕೊಳ್ಳುತ್ತದೆ. ಒಂದು ಸೆಂಟಿಮೀಟರ್ ಇದ್ದದ್ದು ಕೆಲವೇ ದಿನಗಳಲ್ಲಿ ಹೆಚ್ಚುಕಡಿಮೆ ಒಂದು ಮೀಟರ್ ಉದ್ದದ ಎಳೆಯಾಗುತ್ತದೆ. 11, 12ನೇ ದಿನ ಭ್ರೂಣಗಳೆಲ್ಲ ಸೇರಿ ಈಸ್ಟ್ರೊಜೆನ್ ಬಿಟ್ಟು ತಾಯಿಗೆ 'ನಾವಿದ್ದೇವೆ' ಎಂದು ಸುದ್ದಿ ಕೊಡಬೇಕು. ಕನಿಷ್ಠ ನಾಲ್ಕಾದರೂ ಇಲ್ಲದಿದ್ದರೆ ಸಾಮಾನ್ಯವಾಗಿ ಬಸಿರು ನಿಲ್ಲುವುದಿಲ್ಲ. ಎಲ್ಲ ಸರಿಯಿದ್ದೂ, ಮೊದಲ ತಿಂಗಳಲ್ಲೇ 20ರಿಂದ 30 ಪ್ರತಿಶತ ಭ್ರೂಣಗಳು ಸದ್ದಿಲ್ಲದೆ ಕರಗಿಹೋಗುತ್ತವೆ. 114 ದಿನಕ್ಕೆ ಉಳಿದವು ಹುಟ್ಟುತ್ತವೆ. ಈ ಹಂದಿಗೆ ಲ್ಯಾಪ್‌ಟಾಪ್ ಇಲ್ಲ, ಸ್ಕೂಟರ್ ಇಲ್ಲ, ಡೆಡ್‌ಲೈನ್ ಇಲ್ಲ. ವಯಸ್ಸೂ ಚಿಕ್ಕದು. ಆದರೂ ಇಷ್ಟು ನಷ್ಟ.

ಮನುಷ್ಯರಲ್ಲೂ ಲ್ಯಾಬಿನಲ್ಲಿ ಫಲಿತವಾದ ಅಂಡಗಳಲ್ಲಿ ಬ್ಲಾಸ್ಟೊಸಿಸ್ಟ್ ಮುಟ್ಟುವುದು ಸರಿಸುಮಾರು ಅರ್ಧ. ಗರ್ಭಕ್ಕೆ ಹೋದವುಗಳಲ್ಲಿ ನಿಲ್ಲದವುಗಳದ್ದೂ ದೊಡ್ಡ ಪಾಲು. ಬಹುತೇಕ ಕಾರಣ ಅಂಡ ರೂಪುಗೊಳ್ಳುವಾಗಲೇ ಆದ ಕ್ರೋಮೋಸೋಮಿನ ಎಣಿಕೆ ತಪ್ಪು. ಹೆಣ್ಣಿನ ವಯಸ್ಸು ಮೂವತ್ತೈದು ದಾಟಿದ ಮೇಲೆ ಅದು ಏರುತ್ತದೆ. ರಿಕ್ಷಾ ಗುಂಡಿಗೆ ಬೀಳುವ ಎಷ್ಟೋ ದಿನ ಮೊದಲೇ ತೀರ್ಮಾನವಾಗಿರುವ ಮಾತು ಅದು. ಜನರಿಗೆ ಕಾರಣ ಬೇಕು. ಕಾರಣ ಸಿಗದಿದ್ದಾಗ ಹತ್ತಿರದಲ್ಲಿರುವ ಹೆಂಗಸು ಸಿಗುತ್ತಾಳೆ.

ಕೊಡಗಿನ ನನ್ನ ಸಹೋದ್ಯೋಗಿಯೊಬ್ಬನ ಮನೆಯಲ್ಲಿ ಹಂದಿ ಸಾಕುತ್ತಾರೆ. ಅವನಿಗೆ ಇದನ್ನೆಲ್ಲ ಹೇಳಿದಾಗ ಅವನು ತಟ್ಟೆಯಿಂದ ತಲೆಯೆತ್ತದೆ ಅಂದ: "ಹೋದ ಸಲ ಹನ್ನೆರಡು ಹಾಕಿತ್ತು, ಈ ಸಲ ಏಳು. ಏನು ತಿಂದೆ ಅಂತ ಅದನ್ನು ಯಾರೂ ಕೇಳಲಿಲ್ಲ."

ನಮ್ಮ ಕಡೆ ಹಂದಿ ಎಂದರೆ ಬೈಗುಳ. 'ಹಂದಿ ಹಡದಂಗ ಹಡದಾಳ' ಎಂದು ಹೆಚ್ಚು ಮಕ್ಕಳಾದವಳಿಗೂ ಬೈಯುತ್ತೇವೆ, ಆಗದವಳಿಗೆ ಇನ್ನೊಂದು ಶಬ್ದ ಇದೆ. ಅದೇ ನಾಡಿನ ಬಾದಾಮಿ ಚಾಲುಕ್ಯರು ವರಾಹವನ್ನು ಲಾಂಛನ ಮಾಡಿಕೊಂಡಿದ್ದರು. ಮೂರನೇ ಗುಹೆಯಲ್ಲಿ ಭೂದೇವಿಯನ್ನು ಎತ್ತಿ ಹಿಡಿದು ನಿಂತ ವರಾಹನ ಮುಂದೆ ನಾವು ಫೋಟೊ ತೆಗೆಸಿಕೊಂಡಿದ್ದೇವೆ, ಮದುವೆಯಾದ ವರ್ಷ.

ಕೋಥರೂಡಕ್ಕೆ ಬರುವ ರಸ್ತೆಗೆ ಮಹರ್ಷಿ ಕರ್ವೆಯವರ ಹೆಸರಿದೆ. ಅವರ ಮಗ ರಘುನಾಥ ಕರ್ವೆ 1927ರಿಂದ 1953ರ ತನಕ 'ಸಮಾಜಸ್ವಾಸ್ಥ್ಯ' ಎಂಬ ಮರಾಠಿ ಪತ್ರಿಕೆ ನಡೆಸಿ, ಸಂತಾನ ನಿಯಂತ್ರಣ, ಲೈಂಗಿಕ ಆರೋಗ್ಯದ ಬಗ್ಗೆ ಬಿಚ್ಚಿ ಬರೆದು ಕೋರ್ಟು ಹತ್ತಿದರು. ಅವರ ಪರವಾಗಿ ಅಂಬೇಡ್ಕರ್ ವಾದಿಸಿದ್ದರು. ಅದೇ ಕರ್ವೆ ರಸ್ತೆಯ ಆಚೀಚೆ ಇಂದು ಎಷ್ಟೋ ಐವಿಎಫ್ ಬೋರ್ಡುಗಳಿವೆ. ಕಾಯುವ ಕೋಣೆಯಲ್ಲಿ ಮಾತ್ರ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಒಮ್ಮೆ ನಮ್ಮೆದುರು ಕೂತಿದ್ದ ಜೋಡಿ ಪಿಸುಗುಟ್ಟುತ್ತಿದ್ದದ್ದು ಕನ್ನಡದಲ್ಲಿ. ನಾವು ತಕ್ಷಣ ಮರಾಠಿಗೆ ತಿರುಗಿದೆವು, ಗುರುತಾಗದಿರಲಿ ಎಂದು. ಆ ಜೋಡಿ ಇದನ್ನು ಓದುತ್ತಿದ್ದರೆ, ಕ್ಷಮಿಸಿ. ಅವತ್ತು ಮಾತಾಡಿಸಬೇಕಿತ್ತು.

ಹೋದ ತಿಂಗಳು ಊರಿಗೆ ಹೋಗಿದ್ದೆವು. ಅಮ್ಮ ಸೊಪ್ಪು ಸೋಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಹಂದಿಯ ಕಥೆಯನ್ನು ಮೊದಲಿಂದ ಹೇಳಿದೆ, ಇಪ್ಪತ್ತು ಅಂಡ, ದಾರದಂಥ ಭ್ರೂಣ, ತಾನಾಗಿಯೇ ಕರಗುವವು, ಎಲ್ಲ. 'ಹಂದಿ' ಅಂದಾಗ ಮುಖ ಸಿಂಡರಿಸಿದಳು, ಆದರೆ ಎದ್ದು ಹೋಗಲಿಲ್ಲ. ಮೂವತ್ತು ವರ್ಷ ಎಮ್ಮೆ ಕಟ್ಟಿದವಳು. ಬಹಳ ಹೊತ್ತಿನ ಮೇಲೆ, "ನಮ್ಮ ಬೋಳಕೋಡಿನ ಎಮ್ಮಿ ಎರಡು ಸಲ ಕಂದು ಹಾಕಿತ್ತು. ನಿಮ್ಮಪ್ಪ ಅದರ ಮೈ ತೊಳದು ಹಿಂಡಿ ಇಟ್ಟಿದ್ರು, ಬೈದಿರಲಿಲ್ಲ" ಅಂದಳು. ಮತ್ತೆ ಸೊಪ್ಪಿನ ಕಡೆ ನೋಡಿದಳು. ಹೆಂಡತಿ ಒಳಗಿನಿಂದ ಚಹಾ ತಂದಳು. ಅಮ್ಮ ಅವಳ ಕೈಯಿಂದ ಲೋಟ ತೆಗೆದುಕೊಂಡು, "ಕುಂಡ್ರು" ಅಂತ ಚಾಪೆಯ ಮೇಲೆ ಜಾಗ ಮಾಡಿದಳು.

ಎರಡು ಭ್ರೂಣ ಇನ್ನೂ ಸಾರಜನಕದಲ್ಲಿವೆ. ಮುಂದಿನ ತಾರೀಕು ಡಾಕ್ಟರು ಇನ್ನೂ ಕೊಟ್ಟಿಲ್ಲ. ಈ ಸಲ ಅಲಾರಂ ಒಂದೇ ಸಾಕು ಎನ್ನುತ್ತಾಳೆ ಹೆಂಡತಿ. ನಾನು ಎರಡು ಇಡುತ್ತೇನೆ.